ಅಪ್ಪನ ಬಗ್ಗೆ ಬರೆಯಲು ಹೆದರಿದವಳಿಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಸರಿ. ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು. ಅಪ್ಪನ ಅಂಗಡಿ ಬಗ್ಗೆ ಬರೆದರೆ ಉಂಡ ಮನೆಯ ಜಂತೆ ಎಣಿಸಿದ ಹಾಗಾಗುತ್ತದಾ ಅತ್ತೆ ಅಂತ ಕೇಳಿದ್ದೀಯಲ್ಲ, ಅದು. ಅಂಗಡಿ ವಿಷಯ, ಸಾಲದ ವಿಷಯ ಇಬ್ಬರಿಗೂ ಗೊತ್ತಿರುವುದೇ, ಬಿಡು.

ಫ್ರೆಂಚ್ ಲೇಖಕಿ ಅನಿ ಎರ್ನೋ ಹೆಸರು ಕೇಳಿರುತ್ತೀಯ. 2022ರಲ್ಲಿ ಸಾಹಿತ್ಯದ ನೊಬೆಲ್ ಬಂತಲ್ಲ, ಆಗ ಆಕೆಗೆ 82. ನಾನು ಓದಿದ್ದು ಇಂಗ್ಲಿಷಿನಲ್ಲಿ. ಫ್ರಾನ್ಸಿನ ನಾರ್ಮಂಡಿಯ ಇವ್ತೊ ಊರಿನಲ್ಲಿ ಆಕೆಯ ಅಪ್ಪ ಅಮ್ಮ ದಿನಸಿ ಅಂಗಡಿ ನಡೆಸುತ್ತಿದ್ದರು. ಜೊತೆಗೇ ಒಂದು ಕೆಫೆ. ಅಪ್ಪ ಮೊದಲು ಹೊಲದಲ್ಲಿ ಕೂಲಿ, ಆಮೇಲೆ ಕಾರ್ಖಾನೆ. ಮಗಳು ಓದಿದಷ್ಟೂ ಮನೆಯಿಂದ ದೂರವಾದಳು. 1967ರಲ್ಲಿ ಆಕೆ ಟೀಚರ್ ಪರೀಕ್ಷೆ ಪಾಸಾದ ಎರಡು ತಿಂಗಳಿಗೇ ಅಪ್ಪ ಹೋದರು.

ಅವರ ಬಗ್ಗೆ ಬರೆದದ್ದು 'ಲಾ ಪ್ಲಾಸ್'. 1984ರ ರೆನೊದೊ ಸಾಹಿತ್ಯ ಪ್ರಶಸ್ತಿ ಅದಕ್ಕೇ ಬಂತು. ಪುಸ್ತಕ ಶುರುವಾಗುವ ಮುಂಚೆ ಏನಿದೆ ಗೊತ್ತಾ? ದ್ರೋಹ ಮಾಡಿದವರಿಗೆ ಉಳಿಯುವ ಕೊನೇ ದಾರಿ ಬರವಣಿಗೆ ಎನ್ನುವ ಅರ್ಥದ, ಫ್ರೆಂಚ್ ಲೇಖಕ ಝಾನ್ ಜೆನೆಯ ಮಾತು. ನಿನ್ನ ಭಯವೇ ಅಲ್ವಾ ಅದು?

ಪುಸ್ತಕದಲ್ಲಿ ಒಂದು ಕಡೆ ಅಪ್ಪ ನೋಟರಿ ಹತ್ತಿರ ಹೋಗುತ್ತಾರೆ. 'ಓದಿ ಒಪ್ಪಿದ್ದೇನೆ' ಅಂತ ಕೈಯಾರೆ ಬರೆಯಬೇಕು. ಕಾಗುಣಿತ ಬರುವುದಿಲ್ಲ, ತಪ್ಪು ಬರೆಯುತ್ತಾರೆ. ವಾಪಸ್ ಬರುವ ದಾರಿಯುದ್ದಕ್ಕೂ ಅದೇ ಕೊರಗು. ಮಗಳು ಅಯ್ಯೋ ಪಾಪ ಅನ್ನುವುದಿಲ್ಲ, ನಗುವುದೂ ಇಲ್ಲ. ಮೊದಲು ಅಪ್ಪನನ್ನು ಕಾದಂಬರಿ ಮಾಡಲು ಹೋಗಿ, ಅಸಹ್ಯವಾಗಿ ಬಿಟ್ಟಳಂತೆ. ಆಮೇಲೆ ಹಿಡಿದದ್ದು, ಹಿಂದೆ ಮನೆಗೆ ಕಾಗದ ಬರೆಯುತ್ತಿದ್ದ ಸಪಾಟು ಭಾಷೆ.

ನಿನ್ನ ತಾತ ಬ್ಯಾಂಕಿನಲ್ಲಿ ಸಹಿ ಹಾಕುವ ಮುಂಚೆ ಬಲಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆಮೇಲೆ ಗುಮಾಸ್ತನಿಗೆ ಒಂದು ಮಾತು ಹೇಳುತ್ತಿದ್ದರು, ಪ್ರತಿ ಸಲ ಅದೇ ಮಾತು. ಏನದು ಅಂತ ಎಷ್ಟು ಯೋಚಿಸಿದರೂ ಬರುತ್ತಿಲ್ಲ. ನಿಮ್ಮಪ್ಪನಿಗೂ ನೆನಪಿಲ್ಲ. ಯಾರಾದರೂ ಒಂದು ಚೀಟಿಯಲ್ಲಾದರೂ ಬರೆದಿಟ್ಟಿದ್ದರೆ ಅನಿಸುತ್ತದೆ.

ಎರ್ನೋ ಅಪ್ಪ ಆ ಪುಸ್ತಕ ಓದಲಿಲ್ಲ, ನಿಜ. ನಿಮ್ಮಪ್ಪ ಓದುತ್ತಾನೆ. ಅದೂ ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು. ನಿನ್ನ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಆಕೆಯ ಅಮ್ಮ 1986ರ ವರೆಗೆ ಇದ್ದರು, ಈ ಪುಸ್ತಕ ಬಂದದ್ದು ಅವರು ಇರುವಾಗಲೇ. 1974ರಲ್ಲಿ ಬಂದ ಆಕೆಯ ಮೊದಲ ಕಾದಂಬರಿ ಇನ್ನೂ ಖಾರ, ಪಿಎಚ್‌ಡಿ ಕೆಲಸ ಅಂತ ಗಂಡನಿಗೆ ಹೇಳಿ ಕದ್ದು ಬರೆದದ್ದು. ಅಷ್ಟು ಸಿಟ್ಟು ನಿನಗೆ ಬೇಡವೇನೋ. ಗೊತ್ತಿಲ್ಲಮ್ಮ, ಬರೆಯುವವಳು ನೀನು.

'ಲಾ ಪ್ಲಾಸ್'ನಲ್ಲೇ ಇನ್ನೊಂದಿದೆ. ಅಪ್ಪನ ಪರ್ಸಿನಲ್ಲಿ ಪೇಪರಿನ ತುಣುಕು. ಶಿಕ್ಷಕಿಯರ ತರಬೇತಿ ಶಾಲೆಯ ಪ್ರವೇಶ ಪರೀಕ್ಷೆಯ ಫಲಿತಾಂಶ. ಎರಡನೇ ಹೆಸರು ಮಗಳದ್ದು. ಸುಮ್ನೆ ಜಂತೆ ಎಣಿಸಲು ಕೂತವಳು ಇದನ್ನು ಬರೆಯುತ್ತಿದ್ದಳಾ?

ಕೆಲಸ ಬಿಡಬೇಡ, ಆಕೆಯೂ 2000ದ ವರೆಗೆ ಪಾಠ ಹೇಳಿಕೊಂಡೇ ಬರೆದಳು. ಅಪ್ಪ ಆಡುವ ಮಾತು ತಿದ್ದಬೇಡ. ಉಪದೇಶ ಜಾಸ್ತಿ ಆಯಿತೇನೋ. ಅವನಿಗೆ ತೋರಿಸುವ ಮುಂಚೆ ಅಂಗಡಿಯ ಭಾಗ ನನಗೆ ಕಳಿಸು. ಅವನಿಗೆ ಎಲ್ಲಿ ಚುಚ್ಚುತ್ತದೆ ಅಂತ ತಂಗಿಗೆ ಗೊತ್ತಾಗುತ್ತದೆ. ಟೈಪ್ ಮಾಡಿಯೇ ಕಳಿಸು, ನಿನ್ನ ಕೈಬರಹಕ್ಕೆ ನನ್ನ ಕಣ್ಣು ಸಾಲುವುದಿಲ್ಲ.

ನಿನ್ನ ಅತ್ತೆ