ಜಾಗ್ರತೆ ಹೇಳುವವರು ಏಜೆಂಟನ ಅಂಗಡಿಗೆ ಯಾಕೆ ಹೋಗೋದಿಲ್ಲ?

ಮಾನ್ಯ ಸಂಪಾದಕರೇ,

ಕೆಲಸದ ಆಸೆಗೆ ವಿಸಿಟ್ ವೀಸಾದಲ್ಲಿ (ಸುತ್ತಾಡಿ ಬರಲು ಕೊಡುವ ವೀಸಾ) ದುಬೈಗೆ ಹೊರಟ ನಮ್ಮ ಕಡೆಯ ಹುಡುಗರನ್ನು ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಕೊನೆಯಲ್ಲಿ ಅಧಿಕಾರಿಗಳ ಉಪದೇಶವೂ ಇದೆ. ಯುವಕರು ಜಾಗ್ರತೆ ವಹಿಸಬೇಕಂತೆ, ನೋಂದಾಯಿತ ಏಜೆಂಟರ ಮೂಲಕವೇ ಹೋಗಬೇಕಂತೆ. ವಾಪಸ್ ಬಂದವರಲ್ಲಿ ಒಬ್ಬ ನನ್ನ ಅಕ್ಕನ ಮಗ. ಹಾಗಾಗಿ ನಾನೂ ನಾಲ್ಕು ಮಾತು ಬರೆಯುತ್ತೇನೆ, ದಯವಿಟ್ಟು ಕತ್ತರಿ ಹಾಕಬೇಡಿ.

‘ದಾಖಲೆ ಸರಿ ಇರಲಿಲ್ಲ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಪಾಸ್‌ಪೋರ್ಟ್ ಸರಿ ಇತ್ತು, ವೀಸಾವೂ ಸರಿ ಇತ್ತು. ಕೌಂಟರಿನಲ್ಲಿ ಕೇಳಿದ್ದು ರಿಟರ್ನ್ ಟಿಕೆಟ್, ಉಳಿಯುವ ಜಾಗದ ದಾಖಲೆ, ಜೊತೆಗೆ 3,000 ದಿರ್ಹಮ್. ಅಂದರೆ ಹತ್ತಿರ ಹತ್ತಿರ 70 ಸಾವಿರ ರೂಪಾಯಿ. 2024ರಲ್ಲೇ ದುಬೈಯವರು ಇದನ್ನು ಬಿಗಿ ಮಾಡಿದ್ದರು. ಹುಡುಗನನ್ನು ಕಳಿಸಿದ ಏಜೆಂಟನಿಗೆ ಇದು ಗೊತ್ತಿಲ್ಲದೆ ಇದ್ದೀತೇ? ಅವನು ಕೊಟ್ಟ ಫೈಲಿನಲ್ಲಿ ರಿಟರ್ನ್ ಟಿಕೆಟ್ ಇತ್ತು. ಪಿಎನ್‌ಆರ್ ಹಾಕಿ ನೋಡಿದರೆ ಅಂಥ ಟಿಕೆಟ್ಟೇ ಇಲ್ಲ. ಹೋಟೆಲ್ ಬುಕಿಂಗಿನ ಕಾಗದ ಕಲರ್ ಪ್ರಿಂಟು, ಫಳಫಳ ಅನ್ನುತ್ತಿತ್ತು. ಅದು ಯಾವಾಗಲೋ ಕ್ಯಾನ್ಸಲ್ ಆಗಿತ್ತು. ಹುಡುಗ ಒಳಗಿನಿಂದ ಫೋನ್ ಮಾಡುತ್ತಾನೆ, ನಾನು ಹೊರಗೆ ನಿಂತು ಏಜೆಂಟನಿಗೆ ಮಾಡುತ್ತೇನೆ. ಸ್ವಿಚ್ ಆಫ್. ಪಾರ್ಕಿಂಗ್ ದುಡ್ಡು ಮಾತ್ರ ಏರುತ್ತಲೇ ಇತ್ತು. ಬಾಡಿಗೆ ಕಾರಿನವನ ವೇಯ್ಟಿಂಗ್ ಚಾರ್ಜ್ ಬೇರೆ.

ಅಕ್ಕ ಕುಚ್ಚಲಕ್ಕಿ, ಒಣಸೀಗಡಿ, ಹಪ್ಪಳ ಎಲ್ಲ ತುಂಬಿ ಹಗ್ಗ ಬಿಗಿದು ಕೊಟ್ಟ ಬಾಕ್ಸು ಹಾಗೇ ಡಿಕ್ಕಿಯಲ್ಲಿ ವಾಪಸ್ ಬಂತು. ಅವಳ ಚೈನು ಸೊಸೈಟಿಯಲ್ಲಿ ಅಡವಿದೆ. ಉಳಿದದ್ದು ಹುಡುಗ ಬೆಂಗಳೂರಿನ ಬೇಕರಿಯಲ್ಲಿ ನಿಂತು ಕೂಡಿಟ್ಟ ದುಡ್ಡು. ಈಗ ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ‘ಎಂತ, ಹೋಗ್ಲಿಲ್ವಾ?’ ಅಂತ ಕೇಳುವುದು, ನಾವು ಮತ್ತೆ ಮೊದಲಿನಿಂದ ಹೇಳುವುದು.

ಮರುದಿನ ಏಜೆಂಟನ ಅಂಗಡಿಗೆ ಹೋದೆ. ಎಸಿ ಹಾಕಿಕೊಂಡು ಕೂತಿದ್ದ. “ಸರ್, ನಾವು ಕೊಟ್ಟದ್ದು ಟೂರ್ ಪ್ಯಾಕೇಜ್. ಕೆಲಸ ಕೊಡಿಸ್ತೇವೆ ಅಂತ ಎಲ್ಲಿ ಬರೆದಿದ್ದೇವೆ?” ಅಂದ. ಬಿಲ್ ನೋಡಿದರೆ ಹೌದು, ಟೂರ್ ಅಂತಲೇ ಇದೆ! ಬಾಯಲ್ಲಿ ಹೇಳಿದ್ದು ಬೇರೆ. ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ಮೊದಲು ಟೆಂಪರರಿ, ಆಮೇಲೆ ಪರ್ಮನೆಂಟ್, ದುಬೈಯ ದೇರಾದಲ್ಲಿ ಬೆಡ್ ಸ್ಪೇಸ್ (ಹಲವರಿರುವ ರೂಮಿನಲ್ಲಿ ಒಂದು ಮಂಚದ ಬಾಡಿಗೆ) ನಾವೇ ಹುಡುಕಿ ಕೊಡುತ್ತೇವೆ ಅಂದಿದ್ದ. ಟೆಂಪರರಿ ಕೆಲಸದ ಪರ್ಮಿಟ್ ಅನ್ನುವುದು ಅಲ್ಲಿ ನಿಜಕ್ಕೂ ಇದೆ. ಆದರೆ ಅದನ್ನು ಮಾಡಿಸಬೇಕಾದವನು ಅಲ್ಲಿನ ಕಂಪನಿಯವನು. ಖರ್ಚೂ ಅವನದೇ. ಪರ್ಮಿಟ್ ಮಾಡಿಸದೆ ವಿಸಿಟ್ ವೀಸಾದವನನ್ನು ಕೆಲಸಕ್ಕೆ ಇಟ್ಟುಕೊಂಡರೆ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಅಂತ 2024ರಲ್ಲಿ ಕಾನೂನು ಬಂದಿದೆ. ಇನ್ನು ನಮ್ಮ ದೇಶದಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಇದನ್ನು ಒಂದು ಬೋರ್ಡಿನಲ್ಲಿ ಬರೆದು ಬಸ್ ಸ್ಟ್ಯಾಂಡಿನಲ್ಲಿ ನೇತು ಹಾಕಲು ಎಷ್ಟು ಖರ್ಚಾಗುತ್ತದೆ? ಶಾಸಕರ ಹುಟ್ಟುಹಬ್ಬದ ಫ್ಲೆಕ್ಸಿಗಿಂತ ಕಡಿಮೆಯೇ ಅಲ್ವಾ?

ಸ್ಟೇಷನ್ನಿಗೂ ಹೋಗಿದ್ದೆ. “ಬಿಲ್ಲಿನಲ್ಲಿ ಟೂರ್ ಅಂತ ಉಂಟಲ್ಲ ಮಾರಾಯ್ರೇ, ಎಂತ ಕೇಸ್ ಹಾಕುವುದು?” ಅಂದರು. ಪಾಸ್‌ಪೋರ್ಟ್ ವೆರಿಫಿಕೇಷನ್‌ಗೆ ಬಂದಾಗ ಕಾಫಿ ಖರ್ಚು ಕೇಳಲು ಮಾತ್ರ ಯಾವ ಕಾಗದವೂ ಅಡ್ಡ ಬಂದಿರಲಿಲ್ಲ. ಅದಕ್ಕೂ ಮೊದಲು ಇದೇ ಹುಡುಗನ ಆದಾಯ ಪ್ರಮಾಣಪತ್ರಕ್ಕೆ ಅಲೆದಾಗ ತಾಲ್ಲೂಕು ಕಚೇರಿಯಲ್ಲಿ ಯಾವಾಗಲೂ ಸರ್ವರ್ ಡೌನ್. ಸ್ವಂತ ಅಂಗಡಿ ಇಡುತ್ತೇನೆ ಅಂತ ಸಾಲಕ್ಕೆ ಹೋದರೆ ಬ್ಯಾಂಕಿನಲ್ಲಿ ‘ಜಾಮೀನು ಯಾರು?’ ಹೆದ್ದಾರಿಯ ಸರ್ವಿಸ್ ರಸ್ತೆ ಬಗ್ಗೆ ನಾನು ಇದೇ ಅಂಕಣಕ್ಕೆ ಬರೆದಿದ್ದೆ. ಅದೂ ಹಾಗೇ ಇದೆ, ಬಿಡಿ. ಇಲ್ಲಿ ಇರಿ ಅಂತ ಯಾರೂ ಹೇಳುವುದಿಲ್ಲ, ಹೋಗಲು ದಾರಿಯನ್ನೂ ತೋರಿಸುವುದಿಲ್ಲ.

ಕೇರಳದವರು 1996ರಲ್ಲೇ ಹೊರದೇಶದಲ್ಲಿರುವ ತಮ್ಮವರಿಗಾಗಿ ಒಂದು ಇಲಾಖೆಯನ್ನೇ ಮಾಡಿದರು. ನಮ್ಮವರು? ದುಬೈಯಲ್ಲಿ ಸಮಾರಂಭ ಅಂದರೆ ಪೇಟ ಸುತ್ತಿಸಿಕೊಳ್ಳಲು ಓಡುತ್ತಾರೆ. ಅವರ ಹತ್ತಿರ ಯಾರೂ 3,000 ದಿರ್ಹಮ್ ಇದೆಯಾ ಅಂತ ಕೇಳುವುದಿಲ್ಲ.

ಜಿಲ್ಲಾಡಳಿತ ಇಂಥ ಅಂಗಡಿಗಳಿಗೆ ಬೀಗ ಹಾಕಬೇಕು. ಇಲ್ಲವೇ ಅವರ ಹತ್ತಿರ ಸರಿಯಾದ ಲೈಸೆನ್ಸ್ ಮಾಡಿಸಬೇಕು, ನಮ್ಮ ದುಡ್ಡನ್ನೂ ವಾಪಸ್ ಕೊಡಿಸಬೇಕು. ಏನೂ ಕೈಲಾಗದಿದ್ದರೆ ಪೇಪರಿನಲ್ಲಿ ಬುದ್ಧಿ ಹೇಳುವುದನ್ನಾದರೂ ನಿಲ್ಲಿಸಲಿ. ಸಂಬಳ ತೆಗೆದುಕೊಳ್ಳುವುದು ಸುಮ್ನೆ ಜಾಗ್ರತೆ ಹೇಳಲಿಕ್ಕಾ?

– ನೊಂದ ಸೋದರಮಾವ, ಬೈಂದೂರು