ಸುಕ್ಕಿನ ಮುಲಾಮು: ಸದಸ್ಯರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಮುಖದ ಸುಕ್ಕಿಗೆ ಯಾವ ಮುಲಾಮು ಹಚ್ಚಬೇಕೆಂಬ ಚರ್ಚೆ ಎರಡು ದಿನಗಳಿಂದ ನಮ್ಮ ಗುಂಪಿನಲ್ಲಿ ನಡೆದಿರುವುದರಿಂದ, ಸಂಶೋಧನೆಯ ಬೆಂಬಲ ಚೆನ್ನಾಗಿರುವ ಟ್ರೆಟಿನಾಯಿನ್ ಬಗ್ಗೆ ತಿಳಿಸುತ್ತಿದ್ದೇನೆ.

ಎ ಜೀವಸತ್ವದ ಕುಲಕ್ಕೆ ಸೇರಿದ ಈ ಔಷಧಿ ಮೊದಲು ಬಂದದ್ದು ಮೊಡವೆಗೆ. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಅವರ ಬಳಿ ಇದನ್ನು ಹಚ್ಚಿಕೊಳ್ಳುತ್ತಿದ್ದ ನಡುವಯಸ್ಸಿನವರು ಚರ್ಮ ನಯವಾಯಿತೆಂದು ಹೇಳತೊಡಗಿದ್ದೇ ಮುಂದಿನ ಅಧ್ಯಯನಗಳಿಗೆ ದಾರಿಯಾಯಿತು. 1988ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡವು 30 ಜನರ ಮೇಲೆ 16 ವಾರ ನಡೆಸಿದ ಪರೀಕ್ಷೆಯಲ್ಲಿ ಬಿಸಿಲಿಗೆ ಹಾಳಾದ ಚರ್ಮ ಸುಧಾರಿಸಿತಾದರೂ, ಬಹುತೇಕರಿಗೆ ಚರ್ಮ ಕೆಂಪಾಗಿ ಉರಿಯಿತು. ಈ ಎರಡನೆಯ ಮಾತನ್ನು ಜಾಹೀರಾತುಗಳು ಏಕೋ ನುಂಗಿಬಿಡುತ್ತವೆ.

ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮದೊಳಗೆ ಕೊಲಾಜನ್ ಎಂಬ ನಾರನ್ನು ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ. ಟ್ರೆಟಿನಾಯಿನ್ ಈ ಕಿಣ್ವಗಳನ್ನು ತಗ್ಗಿಸಿ, ಹೊಸ ಕೊಲಾಜನ್ ಕೂಡುವಂತೆ ಮಾಡುತ್ತದೆ. ಫಲ ಕಾಣಲು ತಿಂಗಳುಗಳೇ ಬೇಕು.

ಇದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಗರ್ಭಿಣಿಯರು ಬಳಸಬಾರದು. ಬೆಳ್ಳಗಾಗಲೆಂದು ಕೆಲವರು ಅಂಗಡಿಯಿಂದ ತರುವ ಮುಲಾಮುಗಳಲ್ಲಿ ಟ್ರೆಟಿನಾಯಿನ್ ಜೊತೆ ಸ್ಟೆರಾಯ್ಡ್ ಕೂಡ ಬೆರೆತಿರುತ್ತದೆ. ಸ್ಟೆರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ. ಆದ್ದರಿಂದ ಮುಲಾಮಿನ ಫೋಟೊ ಹಾಕಿ "ಇದು ಒಳ್ಳೆಯದು" ಎಂದು ಇಲ್ಲಿ ಶಿಫಾರಸು ಮಾಡಬಾರದಾಗಿ ವಿನಂತಿ.

ಇನ್ನು ಬಿಸಿಲಿನ ಹಾನಿಯನ್ನು ಮೊದಲೇ ತಡೆಯುವ ಮಾತು: ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾಲ್ಕೂವರೆ ವರ್ಷ ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಮುಪ್ಪು, ತಮಗೆ ಬೇಕೆನಿಸಿದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆಯಿತ್ತು.