ಕಾಂಪೊಸಿಟ್ ಪ್ಯಾಟರ್ನ್: ಚಿತ್ರ ಬರೆದರೆ ಸಾಲದು

ಮಾನ್ಯರೇ,

ಇಂಜಿನಿಯರಿಂಗ್, ಎಂಸಿಎ ಪರೀಕ್ಷೆಗಳಲ್ಲಿ ಒಂಟಿ ವಸ್ತುವನ್ನೂ ವಸ್ತುಗಳ ಗುಂಪನ್ನೂ ಒಂದೇ ರೀತಿ ಬಳಸುವ ಪ್ರೋಗ್ರಾಂ ವಿನ್ಯಾಸವಾದ ಕಾಂಪೊಸಿಟ್ ಡಿಸೈನ್ ಪ್ಯಾಟರ್ನ್ ಎಂದರೆ ಕಾಂಪೊನೆಂಟ್ (ಎರಡಕ್ಕೂ ಸಾಮಾನ್ಯವಾದ ಮೂಲ), ಲೀಫ್ (ಒಂಟಿ ವಸ್ತು), ಕಾಂಪೊಸಿಟ್ (ಗುಂಪು) ಎಂದು ಮೂರು ಚೌಕ ಬರೆದು ಬಾಣ ಎಳೆಯುವುದು ಎಂಬಂತಾಗಿದೆ. ಅಂಕ ಸಿಗುತ್ತದೆ, ಕೋಡ್ ಬರೆಯಲು ಕೈ ಓಡುವುದಿಲ್ಲ.

ಕಂಪ್ಯೂಟರಿನ ಫೋಲ್ಡರನ್ನೇ ತೆಗೆದುಕೊಳ್ಳಿ. ಫೈಲಿಗೂ ಫೋಲ್ಡರಿಗೂ ‘ಗಾತ್ರ’ ಎಂಬ ಒಂದೇ ಮೆಥಡ್ (ಕರೆದಾಗ ಕೆಲಸ ಮಾಡುವ ಕೋಡಿನ ತುಣುಕು). ಫೈಲ್ ತನ್ನ ಲೆಕ್ಕ ಹೇಳುತ್ತದೆ. ಫೋಲ್ಡರ್ ತನ್ನ ಪಟ್ಟಿಯಲ್ಲಿರುವ ಪ್ರತಿಯೊಂದನ್ನೂ ಕೇಳಿ, ಕೂಡಿಸಿ ಹೇಳುತ್ತದೆ. 40 ಮತ್ತು 60 ಕೆಬಿ ಫೈಲ್‌ಗಳಿರುವ ಫೋಲ್ಡರನ್ನು, 100 ಕೆಬಿ ಫೈಲ್ ಇರುವ ಇನ್ನೊಂದರೊಳಗೆ ಹಾಕಿದರೆ ಹೊರಗಿನದು 200 ಎನ್ನುತ್ತದೆ. ಒಳಗೆ ಎಷ್ಟು ಪದರವಿದೆ ಎಂಬುದು ಕೇಳಿದವರಿಗೆ ಬೇಕಿಲ್ಲ. ಕೇಳುವ ಕೋಡಿನಲ್ಲಿ ‘ಇದು ಫೈಲೋ ಫೋಲ್ಡರೋ’ ಎಂದು ಪರೀಕ್ಷಿಸುವ ಇಫ್ ಕಂಡರೆ ಪ್ಯಾಟರ್ನ್ ಹಳಿ ತಪ್ಪಿದೆ ಎಂದೇ ತಿಳಿಯಬೇಕು.

ನಿಜವಾದ ತಲೆನೋವು ಒಳಗೆ ಹೊಸದನ್ನು ಸೇರಿಸುವ ‘ಆಡ್’ ಮೆಥಡ್ ಎಲ್ಲಿಡಬೇಕೆಂಬುದು. ಕಾಂಪೊನೆಂಟಿನಲ್ಲಿಟ್ಟರೆ ಫೈಲಿಗೂ ಅದು ಅಂಟಿಕೊಳ್ಳುತ್ತದೆ. ಕರೆದರೆ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯಬೇಕು, ತಪ್ಪು ಗೊತ್ತಾಗುವುದು ಪ್ರೋಗ್ರಾಂ ಓಡುವಾಗಲೇ. ಫೋಲ್ಡರಿನಲ್ಲಷ್ಟೇ ಇಟ್ಟರೆ ಓಡಿಸುವ ಮುನ್ನವೇ ಕೋಡನ್ನು ಅನುವಾದಿಸುವ ಕಂಪೈಲರೇ ತಪ್ಪನ್ನು ಹಿಡಿಯುತ್ತದೆ. 1994ರ ತಮ್ಮ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಲ್ಲಿ ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ ಮೊದಲನೆಯದರತ್ತ ವಾಲಿದ್ದರು. ಜಾವಾ ಭಾಷೆಯ ಎಡಬ್ಲ್ಯುಟಿ (ಪರದೆಯ ಕಿಟಕಿ, ಬಟನ್‌ ಕಟ್ಟುವ ಲೈಬ್ರರಿ) ಎರಡನೆಯ ದಾರಿ ಹಿಡಿಯಿತು: ಇನ್ನೊಂದು ಕಾಂಪೊನೆಂಟನ್ನು ಒಳಗೆ ಸೇರಿಸಿಕೊಳ್ಳುವ ‘ಆಡ್’ ಇರುವುದು ಕಂಟೇನರಿಗೆ, ಬಟನ್ನಿಗಲ್ಲ. ನಮ್ಮ ಮತವೂ ಇದಕ್ಕೇ.

ಫೋಲ್ಡರನ್ನು ಅದರದೇ ಒಳಫೋಲ್ಡರಿಗೆ ಸೇರಿಸಿಬಿಟ್ಟರೆ ‘ಗಾತ್ರ’ ಸುತ್ತುತ್ತಲೇ ಇದ್ದು, ಜಾವಾದಲ್ಲಾದರೆ ಸ್ಟಾಕ್ ಓವರ್‌ಫ್ಲೋ ಎರರ್ (ಕರೆಗಳಿಗೆ ಮೀಸಲಾದ ಮೆಮೊರಿ ತುಂಬಿದ ದೋಷ) ಬಂದು ನಿಲ್ಲುತ್ತದೆ. ಆದ್ದರಿಂದ ‘ಆಡ್’ ಮೊದಲು ತನ್ನ ಫೋಲ್ಡರಿನಿಂದ ಹಿಡಿದು ಎಲ್ಲಕ್ಕೂ ಮೇಲಿನ ರೂಟ್‌ವರೆಗೆ ಪೇರೆಂಟ್‌ಗಳನ್ನು, ಅಂದರೆ ಹೊರಗಿನ ಫೋಲ್ಡರ್‌ಗಳನ್ನು, ನೋಡುತ್ತ ಹೋಗಿ, ಸೇರಬೇಕಾದದ್ದು ಅವುಗಳಲ್ಲಿ ಸಿಕ್ಕರೆ ನಿರಾಕರಿಸಬೇಕು. ಆಮೇಲೆ ಅದನ್ನು ಹಳೆಯ ಪೇರೆಂಟಿನ ಪಟ್ಟಿಯಿಂದ ತೆಗೆಯಬೇಕು. ಇದು ಮರೆತರೆ ಒಂದೇ ಫೈಲ್ ಎರಡು ಕಡೆ ಎಣಿಕೆಯಾಗುತ್ತದೆ. ವೇಗಕ್ಕೆಂದು ಗಾತ್ರವನ್ನು ಕ್ಯಾಶ್ ಮಾಡಿಟ್ಟವರು (ಒಮ್ಮೆ ಲೆಕ್ಕಹಾಕಿ ಉಳಿಸಿಕೊಂಡವರು), ಒಂದು ಫೈಲ್ ಬದಲಾದರೂ ಅದರ ಮೇಲಿನ ಅಷ್ಟೂ ಫೋಲ್ಡರ್‌ಗಳ ಕ್ಯಾಶ್ ಅಳಿಸಲೇಬೇಕು.

ಏಣಿಶ್ರೇಣಿ ಕಂಡಲ್ಲೆಲ್ಲ ಕಾಂಪೊಸಿಟ್ ತುರುಕುವ ಚಟವೂ ಇದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ: ಇಲ್ಲಿ ಹಂತಗಳು ನಿಗದಿಯಾಗಿವೆ. ಹೋಬಳಿಯೊಳಗೆ ಜಿಲ್ಲೆಯನ್ನು ಸೇರಿಸಲು ಬಿಡುವ ಕೋಡ್ ಯಾರಿಗೆ ಬೇಕು? ಬೇರೆ ಬೇರೆ ಕ್ಲಾಸುಗಳೇ ಸಾಕು.

ಪ್ರಶ್ನೆಪತ್ರಿಕೆ ತಯಾರಿಸುವವರು ಚಿತ್ರದ ಬದಲು ಪೇರೆಂಟ್ ತಪಾಸಣೆ ಸಹಿತ ‘ಆಡ್’ ಮೆಥಡ್ ಬರೆಯಲು ಕೇಳಲಿ. ಹತ್ತು ಹನ್ನೆರಡು ಸಾಲಿನಲ್ಲಿ ಮುಗಿಯುತ್ತದೆ.

— ಸಾಫ್ಟ್‌ವೇರ್ ಉದ್ಯೋಗಿಗಳು, ಮೈಸೂರು